ಗೋಡೆಮಾವ ಓಗೊಟ್ಟ ಕರೆ

ಊರಿನವರೆಲ್ಲ ಅವನನ್ನು ಗೋಡೆಮಾವ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಅವನ ಅಕ್ಕನ ಬಾಯಿಂದ, ಅದೂ ಅವಳಿಗೆ ಸಿಟ್ಟು ನೆತ್ತಿಗೇರಿದಾಗ ಮಾತ್ರ ಹೊರಬೀಳುತ್ತಿತ್ತು. ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ನಡುಬೆರಳಿನ ಗೆಣ್ಣಿನಿಂದ ಗೋಡೆಯನ್ನೊಮ್ಮೆ ತಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಮನೆಯವರ ಕ್ಷೇಮ ವಿಚಾರಿಸುವವನು ಅವನು.

"ಮೊದಲು ನಮ್ಮನ್ನ ಮಾತಾಡ್ಸು ಮಾರಾಯ, ಗೋಡೆ ಎಲ್ಲೂ ಓಡಿಹೋಗಲ್ಲ" ಎಂದು ಜನ ನಗುತ್ತಿದ್ದರು.

"ಓಡಿಹೋಗಲ್ಲ, ಬಿದ್ದುಹೋಗತ್ತೆ. ನಿಮಗೆ ಮೈ ಸರಿಯಿಲ್ಲದಿದ್ರೆ ಬಾಯಿಬಿಟ್ಟು ಹೇಳ್ತೀರಿ. ಪಾಪ, ಅದನ್ನ ಕೇಳೋರ್ಯಾರು?" ಎನ್ನುತ್ತಿದ್ದನು.

ಅವನದು ಸುಣ್ಣದ ಗಾರೆಯ ಕಸುಬು. ಸಿಮೆಂಟು ಬರುವುದಕ್ಕೆ ಮುಂಚಿನ ಕಟ್ಟಡಗಳನ್ನು ರಿಪೇರಿ ಮಾಡುವವರಿಗೆ ಅವನು ಬೇಕೇ ಬೇಕು. ಹಳೆಯ ಗಾರೆ ಎಷ್ಟೋ ಸಲ ಒಳಗೊಳಗೇ ಬಿಟ್ಟುಕೊಂಡು, ಮೇಲೆ ಮಾತ್ರ ನೆಟ್ಟಗೆ ಕಾಣುತ್ತಿರುತ್ತದೆ. ಕಣ್ಣಿಗೆ ಅದು ತಿಳಿಯದು, ಕಿವಿಗೆ ತಿಳಿಯುತ್ತದೆ. ಗಟ್ಟಿಯಿರುವ ಕಡೆ ತಟ್ಟಿದರೆ ಸದ್ದು ತುಂಬಿಕೊಂಡು ಬರುತ್ತದೆ. ಬಿಟ್ಟುಕೊಂಡ ಕಡೆ ಬಿರುಕುಬಿಟ್ಟ ಮಡಕೆಯಂತೆ ಪೊಳ್ಳಾಗಿ ಬರುತ್ತದೆ. ಗೋಡೆಮಾವ ಗೇಣುಗೇಣಾಗಿ ತಟ್ಟುತ್ತ ಹೋಗಿ, ಗಟ್ಟಿ ಇದ್ದಲ್ಲಿ ಸೀಮೆಸುಣ್ಣದಿಂದ ಸೊನ್ನೆ, ಪೊಳ್ಳಿದ್ದಲ್ಲಿ ಗುಣಾಕಾರದ ಗುರುತು ಹಾಕುವನು. ಗುಣಾಕಾರ ಬಿದ್ದ ಕಡೆ ಆಸರೆಯ ಕಂಬ ನಿಲ್ಲಿಸಿ, ಒಳಗೆ ತೆಳುಗಾರೆ ಇಳಿಸುವರು. ಸೊನ್ನೆ ಬಿದ್ದ ಕಡೆ ಕಂಬ ತೆಗೆದುಬಿಡುವರು. ಅದರ ಕೆಳಗೆ ನಿಶ್ಚಿಂತೆಯಾಗಿ ಮನುಷ್ಯರು ನಿಂತು ಕೆಲಸ ಮಾಡುವರು. ಒಂದು ಸೊನ್ನೆಯನ್ನು ನಂಬಿ ಎಷ್ಟು ತಲೆಗಳು ನಿಲ್ಲುತ್ತವೆ ಎಂಬುದನ್ನು ಅವನು ಮರೆತವನಲ್ಲ. ಪ್ರತಿದಿನ ಕೆಲಸಕ್ಕೆ ಮುನ್ನ ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ, "ಸ್ವಾಮೀ, ಇವತ್ತು ಈ ಕೈಯಿಂದ ಸುಳ್ಳು ಗುರುತು ಬೀಳದಿರಲಿ" ಎಂದು ಬೇಡಿಕೊಳ್ಳುತ್ತಿದ್ದನು. ದೊಡ್ಡ ದೊಡ್ಡ ಪ್ರಾರ್ಥನೆಗಳನ್ನು ಕೇಳಿ ತಲೆದೂಗಿದವರಿಗೂ ಆ ಒಂದು ಸಾಲಿನ ಭಾರ ತಟ್ಟದೆ ಇರದು.

ಅಂಥವನ ಕಿವಿಗೇ ಮಂಕು ಕವಿಯಿತು. ಮೊದಲು ಎಡಗಿವಿ, ಒಂದೆರಡು ವರ್ಷ ಕಳೆದು ಬಲಗಿವಿ. ಗುಬ್ಬಚ್ಚಿಯ ದನಿ ಹೋಯಿತು, ನಲ್ಲಿ ತೊಟ್ಟಿಕ್ಕುವುದು ಹೋಯಿತು, ಬೆನ್ನ ಹಿಂದಿನಿಂದ ಕರೆದವರು ಹೋದರು. ಎದುರಿಗೆ ನಿಂತು ಗಟ್ಟಿಯಾಗಿ ಆಡಿದ ಮಾತನ್ನು ಅರ್ಧ ಕೇಳಿ, ಇನ್ನರ್ಧ ತುಟಿಯ ಚಲನೆಯಿಂದ ಹಿಡಿಯುತ್ತಿದ್ದನು. ಯಾರಿಗೂ ಹೇಳಲಿಲ್ಲ. ತಾಯಿಯಿಲ್ಲದ ಮಗಳೊಬ್ಬಳು ಅವನ ಜೊತೆಗೇ ಕೆಲಸ ಕಲಿತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಕೆಲಸ ಕೊಡುವವರೆಲ್ಲ "ಮಾವ, ನಿಮ್ಮ ಕಿವಿ ಇದ್ದರೆ ಸಾಕು, ಮಗಳೂ ಬರಲಿ" ಎನ್ನುತ್ತಿದ್ದರು. ಕಿವಿಯೇ ಹೋಯಿತೆಂದು ತಿಳಿದರೆ ಇಬ್ಬರೂ ಬೀದಿಗೆ ಬಿದ್ದಂತೆ ಎಂದು ಅವನು ಲೆಕ್ಕ ಹಾಕಿದನು. ಅದು ಅರ್ಧ ಸತ್ಯ. ಇನ್ನರ್ಧ, ಊರು ಕೊಟ್ಟ ಆ ಹೆಸರನ್ನು ಬಿಟ್ಟುಕೊಡಲಾರದ ಹಮ್ಮು. ಒಳ್ಳೆಯವರ ಮನೆಗೆ ಹಮ್ಮು ಬರುವಾಗ ಮಕ್ಕಳ ಮೇಲಿನ ಮಮತೆಯ ಬಟ್ಟೆ ತೊಟ್ಟೇ ಬರುತ್ತದೆ.

ಅವನೊಂದು ಉಪಾಯ ಕಂಡುಕೊಂಡನು. ಸವೆದ ಕುಂಚದ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಗೋಡೆಗೆ ಆನಿಸಿ ತಟ್ಟಿದರೆ ಸದ್ದು ದವಡೆಯ ಮೂಳೆಯ ಮೂಲಕ ತಲೆಯೊಳಗೆ ಬರುತ್ತಿತ್ತು.

"ಇದೇನಪ್ಪ, ಈಗ ಗೋಡೆ ಕಚ್ಚೋಕೆ ಶುರು ಮಾಡಿದ್ಯಾ?" ಎಂದಳು ಮಗಳು.

"ಹಳೇ ಗಾರೆ ಅಲ್ವಾ, ರುಚಿ ನೋಡ್ಬೇಕು."

"ಉಪ್ಪು ಸಾಕಾ ಹೇಳು ಮತ್ತೆ."

ಹೀಗೆ ನಗುವಿನ ಮರೆಯಲ್ಲಿ ದಿನಗಳು ಸಾಗುತ್ತಿರುವಾಗ ಬಂಗಲೆಯ ಕೆಲಸ ಬಂದಿತು.

ಊರು ಮುಗಿದು, ಹೊಲಗಳೂ ಮುಗಿದು, ಕಪ್ಪು ಮರಗಳ ಸಾಲಿನ ಹಿಂದೆ ಆ ಬಂಗಲೆ ನಿಂತಿತ್ತು. ಮರದ ವ್ಯಾಪಾರದಲ್ಲಿ ಮೇಲೆ ಬಂದ ಮನೆತನವೊಂದು ಅದನ್ನು ಕಟ್ಟಿಸಿತ್ತು. ಕೆಳಗೆ ಒರಟು ಕಲ್ಲಿನ ಗೋಡೆ. ಕಟ್ಟಿಸಿದವನ ಮಗನ ಕಾಲದಲ್ಲಿ ಅದರ ಮೇಲೆ ಎದ್ದ ಮಹಡಿ. ಮಹಡಿಯಲ್ಲಿ ಉದ್ದನೆಯ ಹಜಾರ. ಹಜಾರದ ಚಾವಣಿಯ ತುಂಬ ಸುಣ್ಣದ ಗಾರೆಯಲ್ಲಿ ತಿದ್ದಿದ ಎಲೆ, ಬಳ್ಳಿ, ಹಣ್ಣುಗಳು. ಮನೆತನ ಕರಗಿದ ಮೇಲೆ ಅದು ಕೆಲಕಾಲ ದವಸದ ಗೋದಾಮಾಯಿತು, ಕೆಲಕಾಲ ಸೈನಿಕರ ಬಿಡಾರವಾಯಿತು, ಆಮೇಲೆ ಬಾವಲಿಗಳದ್ದಾಯಿತು. ಈಗ ಅದನ್ನು ದುರಸ್ತಿ ಮಾಡಿ ದಾದಿಯರ ತರಬೇತಿ ಶಾಲೆ ತೆರೆಯಬೇಕೆಂದು ಒಂದು ಮಂಡಳಿ ಮುಂದೆ ಬಂದಿತ್ತು. ಕೆಲಸದ ಉಸ್ತುವಾರಿಗೆ ಎಂಜಿನಿಯರಮ್ಮ ಒಬ್ಬರು ಬಂದಿದ್ದರು. ಕಡಿಮೆ ಮಾತಿನವರು; ಹಳೆಯದನ್ನು ಕೆಡವುವುದಕ್ಕಿಂತ ಉಳಿಸುವುದು ಕಷ್ಟವೆಂದು ಬಲ್ಲವರು.

ಮೊದಲ ದಿನವೇ ಗೋಡೆಮಾವನಿಗೆ ಆ ಮನೆ ಸರಿಬರಲಿಲ್ಲ. ಭಯವೆಂದರೆ ಭಯವಲ್ಲ. ಹೊರಗೆ ಸುಡುಬಿಸಿಲು, ಹಜಾರದೊಳಗೆ ಕಾಲಿಟ್ಟರೆ ಯಾರೋ ಆಗತಾನೆ ಉಸಿರು ಬಿಟ್ಟು ಸುಮ್ಮನಾದಂಥ ತಂಪು. ಕನ್ನಡಿಗಳಿದ್ದ ಕಡೆ ಗೋಡೆಯ ಮೇಲೆ ಬಿಳಿಚಿದ ಚೌಕಗಳು ಉಳಿದಿದ್ದವು. ಅವುಗಳ ಮುಂದೆ ಹಾದುಹೋಗುವಾಗ ಅವನು ಅರಿವಿಲ್ಲದೆಯೇ ತಲೆಗೂದಲು ಸರಿಪಡಿಸಿಕೊಳ್ಳುತ್ತಿದ್ದನು, ಎದುರಿಗೆ ಯಾರೋ ನಿಂತು ನೋಡುತ್ತಿದ್ದಾರೆ ಎಂಬಂತೆ. ಹಜಾರದ ಕೊನೆಯಲ್ಲಿ ಒಂದು ಬಾಗಿಲು; ಅದರಾಚೆ ಮನೆಯೊಡತಿಯ ಕೋಣೆ. ಹಜಾರಕ್ಕೂ ಆ ಕೋಣೆಗೂ ನಡುವೆ ಒಂದೇ ಗೋಡೆ.

ಆ ಕೋಣೆಯ ಗೋಡೆಯಲ್ಲಿ, ಮಂಚದ ತಲೆದಿಂಬು ಇದ್ದಿರಬಹುದಾದ ಎತ್ತರದಲ್ಲಿ, ಒಂದು ಸಣ್ಣ ಕುಳಿ ಇತ್ತು. ಗಟ್ಟಿಯಾದ ಏನನ್ನೋ ಒಂದೇ ಜಾಗಕ್ಕೆ ವರ್ಷಗಟ್ಟಲೆ ಬಡಿದು ಬಡಿದು ಗಾರೆ ಸವೆದಂತೆ. ಅಂಚು ನಯವಾಗಿತ್ತು. ಗೋಡೆಮಾವ ಅದರ ಮೇಲೆ ಬೆರಳಿಟ್ಟನು, ತಟ್ಟನೆ ಹಿಂದಕ್ಕೆಳೆದುಕೊಂಡನು. ಉಳಿದ ಗೋಡೆಯೆಲ್ಲ ತಣ್ಣಗಿದ್ದರೆ ಆ ಜಾಗವೊಂದು ಮಲಗಿದ ಮಗುವಿನ ಹಣೆಯಂತೆ ಬೆಚ್ಚಗಿತ್ತು.

"ಆ ಕಡೆ ಬಿಸಿಲು ಬೀಳತ್ತೇನೋ" ಎಂದರು ಎಂಜಿನಿಯರಮ್ಮ. ಆ ಕಡೆ ಇದ್ದದ್ದು ಕಿಟಕಿ ಮುಚ್ಚಿದ ಹಜಾರ. ಅದು ಅವರಿಗೂ ಗೊತ್ತಿತ್ತು. ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ. "ಅದನ್ನ ತುಂಬಿಬಿಡಿ ಮಾವ" ಎಂದಷ್ಟೇ ಹೇಳಿ ಹೊರಟರು.

ಅವನು ತುಂಬಿದನು. ಹದವಾಗಿ ಕಲಸಿದ ಗಾರೆ, ಕಣ್ಣಿಗೆ ಕಾಣದಂತೆ ಕೂಡಿಸಿದ ಅಂಚು. ಮರುದಿನ ಬೆಳಗ್ಗೆ ಬಂದು ನೋಡಿದರೆ ತುಂಬಿದ ತುಣುಕು ಅಂಗಿಯ ಗುಂಡಿಯಂತೆ ಇಡಿಯಾಗಿ ನೆಲದ ಮೇಲೆ ಬಿದ್ದಿತ್ತು. ಜೀವಮಾನದಲ್ಲಿ ಅವನ ಗಾರೆ ಹಾಗೆ ಬಿಟ್ಟುಬಂದದ್ದಿಲ್ಲ. ಮತ್ತೆ ತುಂಬಿದನು, ಮತ್ತೆ ಬಿದ್ದಿತ್ತು. ಎರಡನೆಯ ಸಲ ತುಣುಕನ್ನು ಎತ್ತಿ ಹಿಂಬದಿಯನ್ನು ನೋಡಿದನು. ಒಳಗಿನಿಂದ ಯಾರೋ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ತಳ್ಳಿದಂತೆ ಅಲ್ಲೊಂದು ತಗ್ಗು ಮೂಡಿತ್ತು.

ಮಗಳಿಗೆ ತೋರಿಸದೆ ಜೇಬಿಗೆ ಹಾಕಿಕೊಂಡನು.

ಅಂದು ಮಟಮಟ ಮಧ್ಯಾಹ್ನ. ಕೂಲಿಯಾಳುಗಳು ಊಟಕ್ಕೆ ಕೆಳಗಿಳಿದಿದ್ದರು. ಮಗಳು ಹಜಾರದ ಆ ತುದಿಯಲ್ಲಿ ಬಕೆಟ್ಟಿನಲ್ಲಿ ಕುಂಚ ತೊಳೆಯುತ್ತಿದ್ದಳು. ಬಕೆಟ್ಟಿನ ಸದ್ದಾಗಲಿ ನೀರಿನ ಸದ್ದಾಗಲಿ ಗೋಡೆಮಾವನಿಗೆ ಕೇಳುತ್ತಿರಲಿಲ್ಲ. ಆ ಮೌನದೊಳಗೆ, ಅವನ ಕಿವಿ ಎಷ್ಟೋ ಕಾಲದಿಂದ ಕಾಣದ ಸ್ಪಷ್ಟತೆಯಲ್ಲಿ, ಗೋಡೆಯಾಚೆಯಿಂದ ಕೇಳಿಸಿತು.

ಟಕ್ ಟಕ್. ಸ್ವಲ್ಪ ತಡೆದು, ಟಕ್.

ಬಾಗಿಲು ತಳ್ಳಿ ಕೋಣೆಯೊಳಗೆ ಇಣುಕಿದನು. ಗುಡಿಸಿದ ನೆಲ, ಮುಚ್ಚಿದ ಕಿಟಕಿ. ಬೇರೇನೂ ಇಲ್ಲ.

"ಕೇಳಿಸ್ತೇನಮ್ಮ?" ಎಂದು ಮಗಳ ಹತ್ತಿರ ಬಂದು ಕೇಳಿದನು.

"ಏನು?"

"ತಟ್ಟಿದ್ದು."

"ಇಲ್ಲಪ್ಪ. ತಟ್ಟೋ ಕೆಲಸ ನಿಂದಲ್ವಾ? ಬೇರೆ ಯಾರಾದ್ರೂ ಕಸುಬಿಗಿಳಿದ್ರಾ?"

ಸರಿಯಾದ ಕಿವಿಯವಳಿಗೆ ಕೇಳದ್ದು ಕಿವುಡನಿಗೆ ಕೇಳುವುದೆಂದರೇನು? ತಲೆ ಕೆಡುತ್ತಿದೆಯೆಂದು ಅವನು ಹೆದರಿದನು. ಅದಾದ ಮೇಲೆ ಆ ಸದ್ದು ಬಿಡಲಿಲ್ಲ. ಎಲ್ಲರೂ ಸುಮ್ಮನಿದ್ದಾಗ, ಬಿಸಿಲು ನೆತ್ತಿಯ ಮೇಲಿದ್ದಾಗ ಬರುವುದು. ಅದರಲ್ಲಿ ಸಿಟ್ಟಿರಲಿಲ್ಲ. ತಾಳ್ಮೆಯಿತ್ತು, ಅದೇ ಅವನಿಗೆ ಹೆಚ್ಚು ಭಯ. ಸಿಟ್ಟಿನಿಂದ ಬಡಿದವರು ಬೇಸತ್ತು ಹೋದಾರು, ತಾಳ್ಮೆಯಿಂದ ತಟ್ಟುವವರು ಹೋಗುವುದಿಲ್ಲ.

ಅವರ ಮನೆಯಲ್ಲೊಂದು ಪದ್ಧತಿ ಇತ್ತೆಂಬುದನ್ನು ಇಲ್ಲಿ ಹೇಳಬೇಕು. ಯಾರು ಎಲ್ಲಿ ತಟ್ಟಿದರೂ, ಬಾಗಿಲಾಗಲಿ ಗೋಡೆಯಾಗಲಿ, ಕೇಳಿಸಿಕೊಂಡವರು ತಕ್ಷಣ "ಬಂದೆ" ಎಂದು ಓಗೊಟ್ಟು ಎದ್ದು ಹೋಗಲೇಬೇಕು. ಬಾಯಲ್ಲಿ ತುತ್ತಿದ್ದರೂ ಸರಿ, ಕೈಯಲ್ಲಿ ಬೇರೆ ಕೆಲಸವಿದ್ದರೂ ಸರಿ. ಗೋಡೆಮಾವನ ತಾಯಿ ಮಾಡಿದ ಕಟ್ಟಳೆ ಅದು. ಆಕೆ ನಿದ್ದೆಯಲ್ಲೂ "ಬಂದೆ, ಬಂದೆ" ಎಂದು ಏಳುತ್ತಿದ್ದಳು. ಗೋಡೆಮಾವನ ಮಗಳು ಚಿಕ್ಕವಳಾಗಿದ್ದಾಗ ಬೇಕೆಂದೇ ಮೇಜು ಕುಟ್ಟಿ, ಸ್ನಾನಕ್ಕಿಳಿದ ಸೋದರತ್ತೆ ಸೋಪಿನ ನೊರೆಯ ಸಮೇತ "ಬಂದೇ" ಎಂದು ಓಡಿಬರುವುದನ್ನು ಕಂಡು ಹೊಟ್ಟೆ ಹಿಡಿದು ನಕ್ಕದ್ದುಂಟು. ಪದ್ಧತಿ ಏಕೆ ಬಂತೆಂದು ಯಾರೂ ಕೇಳಿರಲಿಲ್ಲ. ಈಗ ಬಂಗಲೆಯ ಗೋಡೆ ತಟ್ಟುತ್ತಿತ್ತು, ಗೋಡೆಮಾವ ತನ್ನ ಜೀವನದಲ್ಲಿ ಮೊದಲ ಬಾರಿಗೆ ಓಗೊಡದೆ ನಿಂತಿದ್ದನು. ಓಗೊಟ್ಟರೆ ಅಲ್ಲಿ ಯಾರೋ ಇದ್ದಾರೆಂದು ಒಪ್ಪಿಕೊಂಡಂತಲ್ಲವೆ?

ಕೊನೆಗೆ ಅಕ್ಕನ ಮುಂದೆ ಬಾಯಿಬಿಟ್ಟನು. ಅವಳು ಹೊಸಿಲ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಹೇಗೆ ತಟ್ಟತ್ತೆ?" ಎಂದಳು.

"ಎರಡು ಬೇಗ ಬೇಗ. ಆಮೇಲೆ ತಡೆದು ಒಂದು."

ಸೂಜಿ ಬಟ್ಟೆಯಲ್ಲೇ ನಿಂತಿತು. ಅವಳು ತಮ್ಮನ ಹತ್ತಿರಕ್ಕೆ ಸರಿದು, ಅವನಿಗೆ ಕೇಳುವಂತೆ ದನಿ ಎತ್ತಿ ಹೇಳಿದಳು: "ಅಮ್ಮ ನಿನಗೆ ಹೇಳ್ಬೇಡ ಅಂದಿದ್ಲು. ನಾವು ಅಲ್ಲೇ ಇದ್ವಿ ಕಣೋ. ನೀನಿನ್ನೂ ತೊಟ್ಟಿಲಲ್ಲಿ."

ಅವರ ತಾಯಿ ಬಂಗಲೆಯಲ್ಲಿ ಕೆಲಸಕ್ಕಿದ್ದಳೆಂಬುದು ಅವನಿಗೆ ತಿಳಿದಿತ್ತು. ಏನು ಕೆಲಸವೆಂದು ತಿಳಿದಿರಲಿಲ್ಲ. ಅಕ್ಕ ಹೇಳಿದಳು. ಮನೆಯೊಡತಿಗೆ, ದೊಡ್ಡಮ್ಮನವರಿಗೆ, ಒಂದು ಪಕ್ಕ ಬಿದ್ದುಹೋಗಿ ಮಾತು ನಿಂತಿತ್ತು. ಆಡುತ್ತಿದ್ದದ್ದು ಒಂದೇ ಕೈ. ಏನು ಬೇಕಾದರೂ ಆ ಕೈಯ ಉಂಗುರದಿಂದ ಗೋಡೆ ತಟ್ಟುತ್ತಿದ್ದರು. ತಾಯಿ ಎರಡು ಮಕ್ಕಳೊಂದಿಗೆ ಹಜಾರದ ಮೂಲೆಯಲ್ಲಿ, ಅದೇ ಗೋಡೆಯ ಈ ಬದಿಯಲ್ಲಿ, ಚಾಪೆ ಹಾಸಿಕೊಂಡು ಇರುತ್ತಿದ್ದಳು. ತಟ್ಟಿದ ತಕ್ಷಣ "ಬಂದೆ ಅಮ್ಮಾ" ಎಂದು ಓಡುವಳು.

"ಒಂದಿನ ನಿನಗೆ ಗಂಟಲು ಕಟ್ಟಿ ಉಸಿರೇ ನಿಂತ ಹಾಗಾಯ್ತು. ಮುಖ ನೀಲಿ ತಿರುಗಿತು. ಅಮ್ಮ ನಿನ್ನನ್ನ ಬೋರಲು ಹಾಕ್ಕೊಂಡು ಬೆನ್ನು ಗುದ್ದುತ್ತಾ ಇದ್ಲು. ಆಗಲೇ ಆ ಕಡೆಯಿಂದ ತಟ್ಟಿದ್ರು. ನಾನು ಹೋಗ್ಲಾ ಅಂದೆ. ಅಲುಗಬೇಡ, ಮಗು ಕಾಲು ಹಿಡ್ಕೋ ಅಂದ್ಲು. ಅವರು ತಟ್ತಾನೇ ಇದ್ರು. ನಿನಗೆ ಉಸಿರು ವಾಪಸ್ ಬಂತು ನೋಡು, ಆಗ ಗೋಡೆ ಸುಮ್ಮನಾಗಿತ್ತು." ಅಕ್ಕ ನೂಲನ್ನು ಹಲ್ಲಿನಿಂದ ಕಡಿದಳು. "ಹೋಗಿ ನೋಡಿದ್ರೆ ದೊಡ್ಡಮ್ಮನೋರ ಪ್ರಾಣ ಹೋಗಿತ್ತು. ಕೈ ಮಾತ್ರ ಗೋಡೆ ಮೇಲೇ ಇತ್ತು."

"ಹಾಗಾದ್ರೆ ನನ್ನಿಂದಾನೇ..."

"ತೊಟ್ಟಿಲ ಕೂಸಿಂದ ಏನಾಗತ್ತೋ? ಅಮ್ಮನೂ ತಪ್ಪು ಮಾಡ್ಲಿಲ್ಲ. ಆದ್ರೆ ಓಗೊಡಲಿಲ್ಲ ಅನ್ನೋದು ಅವಳ ಕರುಳಲ್ಲಿ ಉಳೀತು."

"ಈಗ ಯಾಕಕ್ಕ ಕರೀತಾರೆ?"

"ಅದನ್ನ ಕರೆದವರನ್ನೇ ಕೇಳು. ನಾನೇನು ಅವರ ಕಾರ್ಯದರ್ಶಿನಾ?" ಎಂದು ಅಕ್ಕ ಗದರಿದಳು. ಆಮೇಲೆ ಬೇರೆಯದೇ ದನಿಯಲ್ಲಿ ಅಂದಳು: "ಅದಿರ್ಲಿ. ನಾನು ಬೆನ್ನ ಹಿಂದೆ ನಿಂತು ಗಂಟಲು ಹರ್ಕೊಂಡ್ರೂ ತಿರುಗಿ ನೋಡದವನಿಗೆ ಗೋಡೆ ಆಚೆ ಉಂಗುರ ತಟ್ಟಿದ್ದು ಹೇಗೋ ಕೇಳಿಸ್ತು?"

ಅವನು ತಲೆ ತಗ್ಗಿಸಿದನು.

"ನನಗೆ ಗೊತ್ತಾಗಿ ವರ್ಷ ಆಯ್ತು. ಮಗಳಿಗೆ ಹೇಳು."

"ಈ ಬಂಗಲೆ ಒಂದು ಮುಗೀಲಿ ಅಕ್ಕ."

"ಮುಗಿಯೋದು ಬಂಗಲೆನೋ ಇನ್ನೇನೋ" ಎಂದು ಅವಳು ಸೂಜಿಯನ್ನು ಚುಚ್ಚಿಟ್ಟಳು.

ಹಜಾರದ ಚಾವಣಿಗೆ ಅವನು ಗುರುತು ಹಾಕಿ ಮುಗಿಸಿದ್ದನು. ಹಲ್ಲಿನಲ್ಲಿ ಹಿಡಿ ಕಚ್ಚಿಯೇ ಅದನ್ನೆಲ್ಲ ಕೇಳಿದ್ದನು. ನಡುಮಧ್ಯದಲ್ಲಿ, ಹಣ್ಣಿನ ಗೊಂಚಲು ದಟ್ಟವಾಗಿ ಇಳಿಬಿದ್ದ ಕಡೆ, ಸದ್ದು ಗಟ್ಟಿಯಾಗಿಯೇ ಬಂದಿತ್ತು. ಆದರೂ ಅದರಲ್ಲೇನೋ ಸರಿಯಿಲ್ಲವೆಂದು ಮನಸ್ಸಿನ ಮೂಲೆಯಲ್ಲಿ ಕೂದಲೆಳೆಯಷ್ಟು ಅನುಮಾನ. ಹಿಂದಿನ ಕಾಲದಲ್ಲಾಗಿದ್ದರೆ ಕಿವಿಯಿಟ್ಟು ಮತ್ತೆ ಕೇಳುತ್ತಿದ್ದನು. ಈಗ ಕೇಳಲು ಕಿವಿಯೆಲ್ಲಿ? ಸೊನ್ನೆ ಹಾಕಿ ಕೆಳಗಿಳಿದಿದ್ದನು.

ಮಾರನೆಯ ದಿನ ಎಂಜಿನಿಯರಮ್ಮ ಚಾವಣಿಯನ್ನೇ ನೋಡುತ್ತ ನಿಂತರು. "ಮಾವ, ನಡುಮಧ್ಯದ ಕಂಬ ತೆಗೆಯೋ ಮುಂಚೆ ಇನ್ನೊಂದು ಸಲ ತಟ್ಟಿ ನೋಡೋಣ್ವಾ? ಬೇಕಾದ್ರೆ ನಿಮ್ಮ ಮಗಳೇ ನೋಡ್ಲಿ."

ತಪ್ಪೊಪ್ಪಿಕೊಳ್ಳಲು ದೇವರು ಬಾಗಿಲು ತೆರೆದು ಹಿಡಿದಂತಿತ್ತು ಆ ಮಾತು. ಆದರೆ ಗೋಡೆಮಾವನ ಮುಖ ಕೆಂಪಾಯಿತು.

"ನನ್ನ ಸೊನ್ನೆ ಮೇಲೆ ಇಷ್ಟು ವರ್ಷ ಯಾರೂ ಎರಡನೇ ಸೊನ್ನೆ ಹಾಕಿಲ್ಲ ಅಮ್ಮಾವ್ರೆ."

"ಬೇಜಾರು ಮಾಡ್ಕೋಬೇಡಿ. ಕೇಳಿದೆ ಅಷ್ಟೆ" ಎಂದು ಅವರು ಹಿಂದೆ ಸರಿದರು. ಆಳುಗಳು ನಡುಮಧ್ಯದ ಕಂಬಗಳನ್ನು ಬಿಚ್ಚಿ ಒಯ್ದರು. ಮಗಳು ಅಲ್ಲಿ ಅಟ್ಟಣೆ ಕಟ್ಟಿಸಿಕೊಂಡು, ಮೇಲೆ ಹತ್ತಿ, ಹಣ್ಣಿನ ಗೊಂಚಲ ಮೇಲಿನ ಹಳೆಯ ಸುಣ್ಣದ ಪದರಗಳನ್ನು ನೀರು ಹಚ್ಚಿ ಸುಲಿಯತೊಡಗಿದಳು. ಅಂದು ಬೆಳಗ್ಗೆ ಗೋಡೆಮಾವ ಅಂಗೈಯನ್ನು ಗೋಡೆಗೆ ಒತ್ತಿದಾಗ ಪ್ರಾರ್ಥನೆಯ ಸಾಲು ನೆನಪಿಗೆ ಬರಲೇ ಇಲ್ಲ.

ಮಧ್ಯಾಹ್ನವಾಯಿತು. ಆಳುಗಳು ಕೆಳಗಿಳಿದರು. "ಇದೊಂದು ಎಲೆ ಮುಗಿಸಿ ಬರ್ತೀನಿ" ಎಂದು ಮಗಳು ಮೇಲೆಯೇ ಉಳಿದಳು. ಗೋಡೆಮಾವ ಅಟ್ಟಣೆಯ ಬುಡದಲ್ಲಿ ಕುಳಿತು ಸುಣ್ಣ ಸೋಸುತ್ತಿದ್ದನು. ಹಜಾರದ ತಂಪು ಇದ್ದಕ್ಕಿದ್ದಂತೆ ಹೆಚ್ಚಾಯಿತು. ಕನ್ನಡಿಯಿದ್ದ ಬಿಳಿಚಿದ ಚೌಕಗಳು ಒಂದೊಂದಾಗಿ ಮಸುಕಾದವು, ಎದುರಿಗೆ ಯಾರೋ ಒಬ್ಬೊಬ್ಬರಾಗಿ ಬಂದು ನಿಂತಂತೆ. ಬಾವಲಿಯೊಂದು ಗೂಡಿನಿಂದ ಹಾರಿ ಹೊರಬಿತ್ತು.

ಟಕ್ ಟಕ್. ಟಕ್.

ಅವನು ಕಣ್ಣು ಮುಚ್ಚಿಕೊಂಡನು.

ಟಕ್ ಟಕ್. ಟಕ್.

ಈ ಸಲ ಅದರಲ್ಲಿ ತಾಳ್ಮೆಯಿರಲಿಲ್ಲ. ಟಕ್ ಟಕ್ ಟಕ್ ಎಂದು, ಮಾತಿಲ್ಲದವರು ಪ್ರಾಣ ಹೋಗುವ ಹೊತ್ತಿನಲ್ಲಿ ಕರೆಯುವಂತೆ. ಗೋಡೆಮಾವನ ಎದೆಯೊಳಗೆ ತಾಯಿ ಎದ್ದು ಕುಳಿತಳು. ಅವನ ಉಸಿರಿಗಾಗಿ ಅಂದು ಓಗೊಡದೆ ಉಳಿದವಳು. ಅವನು ಸುಣ್ಣದ ಜರಡಿಯನ್ನು ಬಿಸುಟು ಎದ್ದನು.

"ಬಂದೆ! ಬಂದೆ ಅಮ್ಮಾ!"

ಓಡಿಹೋಗಿ ಬಾಗಿಲು ತಳ್ಳಿ ಕೋಣೆಯ ನಡುವೆ ನಿಂತನು. ಮುಚ್ಚಿದ ಕಿಟಕಿ, ಗುಡಿಸಿದ ನೆಲ. ಗೋಡೆಯ ಕುಳಿ ಕಪ್ಪಗೆ ಅವನನ್ನೇ ನೋಡುತ್ತಿತ್ತು. ಹಿಂದೆ ಯಾರದೋ ನೆರಳು ಚಲಿಸಿತು. ತಿರುಗಿದರೆ ಮಗಳು. ಕುಂಚ ಕೈಯಲ್ಲೇ ಇತ್ತು. ಮೊಣಕೈಯಿಂದ ನೀರು ಇಳಿಯುತ್ತಿತ್ತು.

"ಏನಪ್ಪ?"

"ನೀನ್ಯಾಕೆ ಬಂದೆ?"

"ನೀನಲ್ವಾ ಗೋಡೆ ತಟ್ಟಿದ್ದು? ಎಷ್ಟು ಜೋರಾಗಿ ಬಡಿದೆ, ಏನೋ ಆಯ್ತು ಅಂದ್ಕೊಂಡು, 'ಬಂದೆ' ಅಂತ ಕೂಗಿ ಅಟ್ಟಣೆಯಿಂದ ಧುಮುಕಿಬಂದೆ."

ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿದರು. ಅವನ ಕೈತುಂಬ ಒದ್ದೆ ಸುಣ್ಣ; ಗೋಡೆಯ ಮೇಲೆ ಸುಣ್ಣದ ಕಲೆ ಒಂದೂ ಇರಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು.

ಆಗ ಹಜಾರದಲ್ಲಿ ಚಾವಣಿ ಕಳಚಿಬಿತ್ತು. ಕಿವುಡನ ಪಾದಗಳಿಗೂ ಅದು ಕೇಳಿಸಿತು. ನೆಲ ಅದುರಿ, ಬಾಗಿಲಿನಿಂದ ಬಿಳಿಯ ಧೂಳು ಅಲೆಯಂತೆ ಒಳನುಗ್ಗಿ ಇಬ್ಬರನ್ನೂ ಮುಚ್ಚಿತು. ಧೂಳು ಇಳಿದಾಗ ಕಂಡದ್ದು ಇಷ್ಟು: ಹಣ್ಣಿನ ಗೊಂಚಲು, ಬಳ್ಳಿ, ಎಲೆಗಳು ಒಂದೇ ಚಪ್ಪಡಿಯಾಗಿ ಬಿದ್ದು ಅಟ್ಟಣೆಯನ್ನು ಕಡ್ಡಿ ಮುರಿದಂತೆ ಮುರಿದಿದ್ದವು. ಅವಳು ನಿಂತಿದ್ದ ಹಲಗೆ ಎರಡು ತುಂಡಾಗಿತ್ತು. ಬಿದ್ದ ಗಾರೆಯ ಒಂದು ಚೂರಿನ ಮೇಲೆ ಸೀಮೆಸುಣ್ಣದ ಸೊನ್ನೆ ದುಂಡಗೆ, ಅಚ್ಚಳಿಯದೆ ಉಳಿದಿತ್ತು.

ಅವನು ತಲೆಯೆತ್ತಿ ನೋಡಿದನು. ಗಾರೆ ಕಳಚಿದ ಕಡೆ ದಪ್ಪನೆಯ ತೊಲೆಯೊಂದು ಬರಿಮೈಯಲ್ಲಿ ಕಾಣುತ್ತಿತ್ತು. ಆಗ ಎಲ್ಲವೂ ಹೊಳೆಯಿತು. ಹಲ್ಲಿನಲ್ಲಿ ಕಚ್ಚಿದ ಮರ ಮರದ ಮಾತನ್ನಷ್ಟೇ ತಂದುಕೊಟ್ಟಿತ್ತು. ತೊಲೆ ಗಟ್ಟಿಯಾಗಿದ್ದೇನೆ ಎಂದದ್ದನ್ನು ಅವನು ಗಾರೆಯ ಉತ್ತರವೆಂದು ಬಗೆದಿದ್ದನು.

ಕೆಳಗಿನಿಂದ ಎಲ್ಲರೂ ಓಡಿಬಂದರು. ಎಂಜಿನಿಯರಮ್ಮ ಮೊದಲು ಮಗಳ ಭುಜ ಹಿಡಿದು ತಲೆಯಿಂದ ಕಾಲಿನವರೆಗೆ ನೋಡಿದರು. ಗೋಡೆಮಾವ ಆ ಸೊನ್ನೆಯ ಚೂರನ್ನು ಎತ್ತಿ ಎಲ್ಲರೆದುರು ಹಿಡಿದನು.

"ಇದು ಹಾಕಿದ್ದು ನಾನು. ನನಗೆ ಕಿವಿ ಕೇಳಲ್ಲ ಅಮ್ಮಾವ್ರೆ. ಬಹಳ ದಿನದಿಂದ ಕೇಳಲ್ಲ. ಬೆಳಗ್ಗೆ ನೀವು ಕೇಳಿದಾಗಲೂ ಗೊತ್ತಿತ್ತು."

ಮಗಳು ಅವನ ಎದುರಿಗೆ ಬಂದು, ಅವನಿಗೆ ಕಾಣುವಂತೆ ಒಂದೊಂದೇ ಪದವನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು. "ನನಗೊಂದು ಮಾತು ಹೇಳ್ಬಾರದಿತ್ತಾ ಅಪ್ಪ? ನಾನೇನು ಹೊರಗಿನವಳಾ?" ಆಮೇಲೆ ಅವಳು ಅಳಲಿಲ್ಲ, ಕೂಗಲಿಲ್ಲ. ಅವನ ಚೀಲದಿಂದ ಮರದ ಸುತ್ತಿಗೆಯನ್ನು ತೆಗೆದುಕೊಂಡು ಏಣಿ ಎಲ್ಲಿ ಎಂದು ಕೇಳಿದಳು. ಉಳಿದ ಚಾವಣಿಯಡಿ ಮತ್ತೆ ಕಂಬಗಳು ನಿಂತ ಮೇಲೆ ಅವಳು ಮೂಲೆಯಿಂದ ತಟ್ಟುತ್ತ ಬಂದಳು. ಏಣಿಯ ಕಾಲನ್ನು ಗೋಡೆಮಾವ ಹಿಡಿದುಕೊಂಡಿದ್ದನು. ಅವಳು ಅವನ ಸೊನ್ನೆಗಳನ್ನು ಒಂದೊಂದಾಗಿ ಅಳಿಸಿ ಗುಣಾಕಾರ ಬರೆಯುತ್ತಿದ್ದಳು. ಒರೆಸಿದ ಸೀಮೆಸುಣ್ಣದ ಪುಡಿ ಅವನ ತಲೆಯ ಮೇಲೆ ಉದುರುತ್ತಿತ್ತು. ಅವನು ಕೊಡವಿಕೊಳ್ಳಲಿಲ್ಲ. ತಗ್ಗಿದ ತಲೆಯ ಮೇಲೆ ಬೀಳುವ ಬೂದಿಯೂ ಕೆಲವೊಮ್ಮೆ ಆಶೀರ್ವಾದವಾಗಿರುತ್ತದೆ.

ಆ ಹೊತ್ತಿನಿಂದ ಗೋಡೆಯಲ್ಲಿ ಸದ್ದು ಕೇಳಿಸಲಿಲ್ಲ. ಎಂಜಿನಿಯರಮ್ಮ ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಆದರೆ ಗುರುತು ಹಾಕುವ ಸೀಮೆಸುಣ್ಣವನ್ನು ಮಗಳ ಕೈಗೇ ಕೊಟ್ಟರು. ಬಿದ್ದುಹೋದ ಎಲೆಗಳನ್ನೂ ಹಣ್ಣುಗಳನ್ನೂ ಅವನು ಹೊಸ ಗಾರೆಯಲ್ಲಿ ಮತ್ತೆ ತಿದ್ದಿದನು. ಕೈಗೆ ಕಿವಿ ಬೇಕಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಆ ಕೋಣೆಯ ಕುಳಿಯೊಂದು ಉಳಿದಿತ್ತು.

"ಇದನ್ನ ಏನು ಮಾಡೋಣ ಮಾವ?" ಎಂದು ಎಂಜಿನಿಯರಮ್ಮ ಅವನ ಎದುರಿಗೆ ನಿಂತು ಕೇಳಿದರು.

ಅವನು ಜೇಬಿನಿಂದ ಗುಂಡಿಯಂಥ ಆ ಗಾರೆಯ ತುಣುಕನ್ನು ತೆಗೆದು ಅವರ ಅಂಗೈಯಲ್ಲಿಟ್ಟನು. ಅವರು ಅದನ್ನು ತಿರುವಿ, ಹಿಂಬದಿಯ ಬೆರಳಿನ ತಗ್ಗನ್ನು ನೋಡಿ, ಅವನಿಗೇ ಮರಳಿಸಿದರು.

"ಹಾಗೇ ಇರಲಿ" ಎಂದರು.

ಇಂದಿಗೂ ಅದು ಹಾಗೆಯೇ ಇದೆ. ಅಲ್ಲಿ ಕಲಿಯುವ ದಾದಿಯರು ಸುತ್ತ ಬಣ್ಣ ಹೊಡೆಸುವಾಗ ಅದನ್ನೊಂದು ಬಿಟ್ಟು ಹೊಡೆಸುತ್ತಾರೆ. ಏಕೆಂದು ಅವರಿಗೆ ಗೊತ್ತಿಲ್ಲ.

ಗೋಡೆಮಾವ ಆಮೇಲೆ ಕೆಲವು ವರ್ಷ ಬದುಕಿದನು. ಕಿವಿ ಪೂರ್ತಿ ಮುಚ್ಚಿತು. ಕಡೆಗೆ ಕಾಲೂ ಸೋತು ಹಾಸಿಗೆ ಹಿಡಿದನು. ಅಷ್ಟರಲ್ಲಿ ಅಕ್ಕ ತೀರಿಕೊಂಡಿದ್ದಳು. ಊರಿನ ಹಳೆಯ ಕಟ್ಟಡಗಳಿಗೆಲ್ಲ ಈಗ ಗುರುತು ಹಾಕುತ್ತಿದ್ದವಳು ಮಗಳು. ಜನ ಅವಳಿಗೂ ಒಂದು ಅಡ್ಡಹೆಸರು ಹುಡುಕುತ್ತಿದ್ದರು. ಅವನಿಗೆ ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ, ಮಂಚದ ಪಕ್ಕದ ಗೋಡೆಯನ್ನು ಗೆಣ್ಣಿನಿಂದ ತಟ್ಟುತ್ತಿದ್ದನು. ಎರಡು ಬೇಗ, ತಡೆದು ಒಂದು. "ಬಂದೆ ಅಪ್ಪ" ಎಂದು ಅವಳು ಎಲ್ಲಿದ್ದರೂ ಬರುತ್ತಿದ್ದಳು. ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದರೂ ಓಗೊಡುವುದನ್ನು ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಗೋಡೆ ತಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು. "ಬಂದೆ ಅಪ್ಪ" ಎಂದು ಸೆರಗಿಗೆ ಕೈಯೊರೆಸಿಕೊಳ್ಳುತ್ತ ಒಳಗೆ ಹೋದಳು.

ಅವನ ಎರಡೂ ಕೈಗಳು ಎದೆಯ ಮೇಲೆ ಒಂದರ ಮೇಲೊಂದು ನೆಟ್ಟಗೆ ಇದ್ದವು. ಮುಟ್ಟಿದಳು. ಪ್ರಾಣ ಹೋಗಿ ಬಹಳ ಹೊತ್ತಾಗಿತ್ತು. ಬೆರಳುಗಳು ಆಗಲೇ ತಣ್ಣಗಾಗಿದ್ದವು. ಆಮೇಲೆ ಕೈ ಚಾಚಿ, ಅವನು ದಿನವೂ ತಟ್ಟುತ್ತಿದ್ದ ಜಾಗದಲ್ಲಿ, ಗೋಡೆಯ ಮೇಲೆ ಅಂಗೈಯಿಟ್ಟಳು.

ಬೆಚ್ಚಗಿತ್ತು.